ನಶ್ಯದ ಗುಂಡಿ

ಬೆಂದೂರ್‌ವೆಲ್ಲಿನ ನೆಲಮಾಳಿಗೆ. ದೀಪ ಆರಿಸಿದ ಮೇಲೇ
ಇಲ್ಲಿ ಏನಾದರೂ ಕಾಣುವುದು.
ಎರಡು ಪರದೆ, ಒಂದು ಫ್ಲಾಸ್ಕ್ ಚಾ,
ಎ.ಸಿ.ಯ ಚಳಿಗೆ ಅಮ್ಮನ ಹಳೆಯ ಶಾಲು.
ಮುಖ ನೋಡದೆಯೇ ಈ ಊರಿನ ಎಷ್ಟೋ ಮಂಡಿಗಳು
ನನಗೆ ಪರಿಚಯ.

ಎಂ.ಆರ್.ಐ.ಯಲ್ಲಿ ಗಟ್ಟಿಯಾದದ್ದು ಕಪ್ಪು.
ಎಲುಬು ಎಲುಬನ್ನು ಕಟ್ಟುವ ಹುರಿ
ಇಜ್ಜಲಲ್ಲಿ ಎಳೆದ ಗೆರೆಯ ಹಾಗಿರಬೇಕು;
ನಡುವೆ ಬಿಳಿ ಕಂಡರೆ ನೀರು ನುಗ್ಗಿದೆ, ಹರಿದಿದೆ.
ಎಕ್ಸ್‌ರೇಯಲ್ಲಿ ಬೇರೆ ಕಾನೂನು:
ಎಲುಬು ಬಿಳಿ, ಕೂದಲೆಳೆ ಕಪ್ಪೇ ಅಪರಾಧಿ.
ಎರಡು ಊರಿನ ನ್ಯಾಯ ಪಾಲಿಸಿ ರಾತ್ರಿ ಮನೆಗೆ ಹೋದರೆ
ಸ್ವಿಚ್ಚಿನ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ.

ಕಿನ್ನಿಗೋಳಿಯ ಕಬಡ್ಡಿ ಹುಡುಗಿ, ಹದಿನೇಳು.
ಹುರಿ ಹೋಗಿದೆ, ಸರಿ. ಆದರೆ ನೋಡಿ,
ತೊಡೆಯೆಲುಬಿನಲ್ಲೊಂದು ಕಂದು, ಕೆಳಗಿನದರಲ್ಲಿ ಅದರ ಜೋಡಿ:
ಎರಡೂ ಡಿಕ್ಕಿ ಹೊಡೆದು ಹಿಂದೆ ಸರಿದ ಗುರುತು.
ಆ ಅರೆ ಸೆಕೆಂಡು ಮಂಡಿ ಎಲ್ಲಿಗೆ ಹೋಗಿ ಬಂತೆಂದು
ನನಗೆ ಗೊತ್ತು. ಅವಳಿಗೆ ನೆನಪಿರುವುದು
ಪ್ರೇಕ್ಷಕರ ಬೊಬ್ಬೆ ಮಾತ್ರ.

ಹೀಗೆಲ್ಲ ಓದಬಲ್ಲೆನೆಂಬ ಜಂಬ ನನಗಿತ್ತು.

ಮಾರ್ಚಿನಲ್ಲಿ ತಿಲಕ ಪುತ್ರನ್, ಮೂವತ್ತೊಂದು, ಗಂಡು, ಬಲ ಮಣಿಕಟ್ಟು.
ಬಂದರಿನ ದಕ್ಕೆಯಲ್ಲಿ ಬೋಟಿಗೆ ಐಸ್ ಹೊರುವವ,
ಕರಗಿದ ಐಸಿನ ಮೇಲೇ ಜಾರಿ ಅಂಗೈ ಊರಿದ್ದ.
ನಾಲ್ಕು ಫಿಲ್ಮು. ಎಂಟು ಪುಟ್ಟ ಎಲುಬು,
ಅದರಲ್ಲೊಂದಕ್ಕೆ ಪುಸ್ತಕ ದೋಣಿಯೆಂದು ಹೆಸರಿಟ್ಟಿದೆ,
ನಮ್ಮೂರ ಕಣ್ಣಿಗೆ ಅದು ಗೋಡಂಬಿ.
ಗೋಡಂಬಿ ನುಣ್ಣಗಿತ್ತು.
ಮುರಿತವಿಲ್ಲ, ಎಂದು ಬರೆದೆ. ನಲವತ್ತು ಸೆಕೆಂಡು.

ಜೂನಿನಲ್ಲಿ ಬೋಟುಗಳಿಗೆ ರಜೆ. ಆಗ ಬಂದ.
ದೋಣಿ ನಡುವಿಗೆ ಎರಡು ತುಂಡು.
ಅದಕ್ಕೆ ರಕ್ತ ಬರುವುದೂ ತಿರುಗಾ ದಾರಿಯಲ್ಲಿ,
ಉಬ್ಬರದ ನೀರು ಅಳಿವೆಯಿಂದ ಹೊಳೆಗೆ ಏರುವ ಹಾಗೆ
ತುದಿಯಿಂದ ಬುಡಕ್ಕೆ. ನಡುವೆ ಕಡಿದರೆ
ಬುಡದ ತುಂಡು ಉಪವಾಸ.
ಪರದೆಯಲ್ಲಿ ಅದು ಅಕ್ಕಪಕ್ಕದವುಗಳಿಗಿಂತ ಬೆಳ್ಳಗೆ,
ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ.

ಕಪಾಟಿನಿಂದ ಹಳೆಯ ಚೀಟಿ ತೆಗೆಸಿದೆ.
ರಾತ್ರಿ ಪಾಳಿಯ ಹುಡುಗಿ, ಡಾಕ್ಟರ್ ಶಮೀಮಾ,
ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು:
ನಶ್ಯದ ಗುಂಡಿ ಒತ್ತಿದರೆ ನೋವು.

ಹೆಬ್ಬೆರಳು ಎತ್ತಿದರೆ ಅದರ ಬುಡದಲ್ಲೊಂದು ತಗ್ಗಾಗುತ್ತದಲ್ಲ,
ಲಾಯರ್ ದೊಡ್ಡಪ್ಪ ಕೋರ್ಟಿಗೆ ಹೊರಡುವ ಮೊದಲು
ಚಿಟಿಕೆ ನಶ್ಯ ಸುರಿದುಕೊಳ್ಳುತ್ತಿದ್ದ ಜಾಗ.
ಅದರ ತಳದಲ್ಲೇ ದೋಣಿ.
ಅವಳ ಬೆರಳು ಓದಿ ಮುಗಿಸಿದ್ದನ್ನು
ನನ್ನ ಹದಿನೆಂಟು ಲಕ್ಷದ ಯಂತ್ರಕ್ಕೆ ಕಾಣಲು
ಇನ್ನೂ ಹದಿನೈದು ದಿನ ಬೇಕಿತ್ತು.
ಮೊದಲ ದಿನ ಆ ಬಿರುಕು ಯಾರ ಫಿಲ್ಮಿನಲ್ಲೂ ಮೂಡದಿರಬಹುದು,
ಅದೇನು ಹೊಸ ವಿಷಯವಲ್ಲ, ನಾನೇ ಪಾಠ ಹೇಳುತ್ತೇನೆ.
ಚೀಟಿ ಓದಲಿಲ್ಲ, ಅಷ್ಟೇ.

“ನೋವು ಉಂಟಿತ್ತು ಡಾಕ್ಟ್ರೇ,” ಅಂದ ತಿಲಕ,
ಸಿಟ್ಟಿರಲಿಲ್ಲ, ಅದೇ ಕಷ್ಟ,
“ನೀವು ಏನೂ ಇಲ್ಲ ಅಂತ ಬರೆದದ್ದಲ್ವಾ,
ಹಾಗೆ ನಾನು ಐಸ್ ಹೊತ್ತೆ.”

ಸೊಂಟದಿಂದ ಎಲುಬು ತೆಗೆದು ಕೂರಿಸಿ, ಸ್ಕ್ರೂ ಹಾಕಿದರು.
ಕೂಡಿತೋ ಇಲ್ಲವೋ, ಮುಂದಿನ ಫಿಲ್ಮು ಇನ್ನೂ ಬಂದಿಲ್ಲ.

ಈಗ ಮೊದಲು ಚೀಟಿ, ಆಮೇಲೆ ಚಿತ್ರ.
ಬರೆಯುವುದೂ ಬದಲಾಗಿದೆ:
ಬಿರುಕು ಕಾಣಿಸುತ್ತಿಲ್ಲ. ಇಲ್ಲವೆಂದಲ್ಲ.
ನೋವಿದ್ದರೆ ಪಟ್ಟಿ ಕಟ್ಟಿ, ಎರಡು ವಾರಕ್ಕೆ ಮತ್ತೆ ಕಳಿಸಿ.

ಮ್ಯಾನೇಜರ್ ಕಿಣಿ ಬಾಗಿಲಲ್ಲಿ ಇಣುಕುತ್ತಾರೆ,
“ಹೊರಗೆ ಹದಿನಾಲ್ಕು ಜನ ಇದ್ದಾರೆ ಮೇಡಂ,
ಒಂದು ಕೈಗೆ ಇಷ್ಟು ಹೊತ್ತಾ?”

ಕತ್ತಲಲ್ಲಿ ನನ್ನ ಹೆಬ್ಬೆರಳನ್ನು ನಾನೇ ಎತ್ತಿ
ತಗ್ಗಿನಲ್ಲಿ ಒತ್ತಿ ನೋಡುತ್ತಿರುತ್ತೇನೆ.
ಬಾಗಿಲು ಹಾಕಿ ಕಿಣಿಯವರೇ, ಬೆಳಕು ಬರುತ್ತದೆ.